ಕೆಂಪು ಪಟ್ಟಿಯ ಟ್ಯೂಬು

ಬಸ್ಸಿನಲ್ಲಿ ತಲೆಯೆಲ್ಲ ನರೆತ ಮನುಷ್ಯನೊಬ್ಬ ಎದ್ದು ನಿಂತು, "ಬನ್ನಿ ಅಜ್ಜಿ, ಕೂತ್ಕೊಳ್ಳಿ" ಅಂದಾಗ ಸೊಸೆ ಹಿಂದೆ ತಿರುಗಿ ನೋಡಿದಳು. ಹಿಂದೆ ಯಾವ ಅಜ್ಜಿಯೂ ಇರಲಿಲ್ಲ. ಸುಮ್ಮನೆ ಕೂತಳು. ಬೇಕರಿಯಲ್ಲಿ ಬೆಳಗಿನಿಂದ ನಿಂತ ಕಾಲು. ಸಿಕ್ಕ ಸೀಟನ್ನು ಬೇಡ ಅನ್ನುವಷ್ಟು ಸೊಕ್ಕು ಅವಳಿಗಿರಲಿಲ್ಲ.

ಆ ಮಾತನ್ನು ಹೊಟ್ಟೆಗೆ ಹಾಕಿಕೊಂಡು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ತನ್ನನ್ನು ತಾನೇ ಮೊದಲು ತಮಾಷೆ ಮಾಡಿಕೊಂಡರೆ ಬೇರೆಯವರಿಗೆ ಮಾಡಲು ಏನೂ ಉಳಿಯುವುದಿಲ್ಲ ಅನ್ನುವುದು ಅವಳ ಲೆಕ್ಕ. ಊಟಕ್ಕೆ ಕೂತಾಗ ಹೇಳಿಯೇಬಿಟ್ಟಳು. ಗಂಡ ತಟ್ಟೆ ನೋಡಿಕೊಂಡ. ಮಗಳು, "ಅವನಿಗೆ ಕನ್ನಡಕ ಬೇಕಮ್ಮ, ನಮ್ಮ ಅಂಗಡಿಗೆ ಕಳಿಸು" ಅಂದಳು. ಅತ್ತೆ ಮಾತ್ರ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.

"ಅವನ ಕಣ್ಣು ಸರಿಯಾಗೇ ಇದೆ ಬಿಡು. ಮೊನ್ನೆ ತರಕಾರಿಯವಳು ನನ್ನನ್ನೇ ಕೇಳಿದ್ಲು, ಅವರು ನಿಮ್ಮ ಅಕ್ಕನಾ ಅಂತ."

"ನೀವೇನಂದ್ರಿ?"

"ಸೊಸೆ ಅಂದೆ. ಅವಳು ನಂಬಲೇ ಇಲ್ಲ."

ಅತ್ತೆಗೆ ಅರವತ್ತು ದಾಟಿದೆ. ಕೆನ್ನೆ ಆಗತಾನೇ ಒಲೆಯಿಂದ ತೆಗೆದ ಬನ್ನಿನ ಹಾಗೆ ನುಣುಪು. ಜನ್ಮದಲ್ಲಿ ಬಟ್ಟೆ ಸೋಪು ಬಿಟ್ಟು ಬೇರೇನನ್ನೂ ಮುಖಕ್ಕೆ ಮುಟ್ಟಿಸಿದವಳಲ್ಲ. ಕೆಲವರಿಗೆ ಹೀಗೆ ಲೆಕ್ಕವಿಲ್ಲದೆ ಸಿಕ್ಕಿರುತ್ತದೆ. ಉಳಿದವರಿಗೆ ಬುದ್ಧಿ ಹೇಳುವವರೂ ಅವರೇ. ಸೊಸೆಗೆ ನಲವತ್ತೊಂದು. ಹಾಲುಗಲ್ಲದ ಕಾಲದಿಂದ ಅವಳಿಗೆ ಇಸುಬು. ಮೊಣಕೈ ಮಡಿಕೆ, ಮೊಣಕಾಲ ಹಿಂಭಾಗ, ಕತ್ತು, ಬೆರಳು, ಕಣ್ಣಿನ ಸುತ್ತ. ತುರಿಸಿ ತುರಿಸಿ ಕತ್ತಿನ ಚರ್ಮ ಹಳೆಯ ಚೀಲದ ಹಾಗೆ ದಪ್ಪವಾಗಿ ಗೆರೆ ಬಿದ್ದಿತ್ತು. ಮುಖದ ಚರ್ಮ ಅದಕ್ಕೆ ತದ್ವಿರುದ್ಧ. ಎಷ್ಟು ತೆಳುವೆಂದರೆ ಕೆನ್ನೆಯ ಮೇಲೆ ಕೆಂಪು ನರಗಳು ಎಣಿಸುವ ಹಾಗೆ ಕಾಣುತ್ತಿದ್ದವು, ನಕ್ಕರೆ ಇಡೀ ಮುಖ ಸಣ್ಣ ಸಣ್ಣ ಸುಕ್ಕಾಗಿ ಮಡಚಿಕೊಳ್ಳುತ್ತಿತ್ತು.

ಮುಖ ತೆಳುವಾಗಿದ್ದಕ್ಕೆ ಕಾರಣ ಒಂದು ಟ್ಯೂಬು. ಮದುವೆಗೆ ವಾರವಿದ್ದಾಗ ಅವಳ ಮುಖವೆಲ್ಲ ಕೆರಳಿ ಕೂತಿತ್ತು. ಅವಳ ತಾಯಿಗೆ ಜೀವ ಬಾಯಿಗೆ ಬಂದಂತಾಗಿ, ಔಷಧಿ ಅಂಗಡಿಯವನ ಮುಂದೆ ಕೈಮುಗಿದು, ಕೆಂಪು ಪಟ್ಟಿಯ ಟ್ಯೂಬೊಂದನ್ನು ತಂದಿದ್ದಳು. ನಾಲ್ಕು ದಿನದಲ್ಲಿ ಮುಖ ಸುಲಿದ ಮೊಟ್ಟೆಯ ಹಾಗಾಯಿತು. ಆ ಮುಖ ನೋಡಿಯೇ ಅತ್ತೆ ಅವಳನ್ನು ಮನೆ ತುಂಬಿಸಿಕೊಂಡಿದ್ದು. ಆಮೇಲೆ ಟ್ಯೂಬು ಮುಗಿದು ಮುಖ ಮತ್ತೆ ಕೆರಳಿದಾಗ ನಿಜ ಗೊತ್ತಾಯಿತು. "ತೋರಿಸಿದ್ದೇ ಒಂದು ಮುಖ, ಕಳಿಸಿದ್ದೇ ಒಂದು ಮುಖ" ಅನ್ನುವುದು ಅತ್ತೆಯ ಬಾಯಿಪಾಠವಾಯಿತು. ಅಂದಿನಿಂದ ಸೊಸೆ ಟ್ಯೂಬು ಬಿಟ್ಟಿರಲಿಲ್ಲ. ಬಿಟ್ಟ ವಾರ ಕೆರಳುತ್ತಿತ್ತು, ಹಚ್ಚಿದರೆ ಅಡಗುತ್ತಿತ್ತು. ಮುಗಿಯುತ್ತಾ ಬಂದ ಟ್ಯೂಬನ್ನು ಅವಳು ಬಾಲದಿಂದ ಸುರುಳಿ ಸುತ್ತಿ, ಅದೂ ಮುಗಿದಮೇಲೆ ಕತ್ತರಿಯಿಂದ ಉದ್ದಕ್ಕೆ ಸೀಳಿ, ಒಳಗೆ ಅಂಟಿದ್ದನ್ನು ಬೆರಳಿನಿಂದ ಕೆರೆದು ಹಚ್ಚುತ್ತಿದ್ದಳು. ಮನೆಯಲ್ಲಿ ಹಲ್ಲುಜ್ಜುವ ಪೇಸ್ಟಿಗೂ ಅದೇ ಗತಿ. ಮಗಳು ಚಿಕ್ಕವಳಿದ್ದಾಗ ಟ್ಯೂಬುಗಳೆಲ್ಲ ಮೀನಿನ ಹಾಗೆ ಸೀಳಿಯೇ ಬರುತ್ತವೆ ಅಂದುಕೊಂಡಿದ್ದಳು.

ಬಸ್ಸಿನ ಕಥೆಯ ಮರುವಾರ ಬೇಕರಿಯ ಮಾಲೀಕ ಅವಳನ್ನು ಕರೆದ. ಒಳ್ಳೆಯ ಮನುಷ್ಯನೇ. ಅದಕ್ಕೇ ಮಾತಾಡುವಾಗ ಅವಳ ಮುಖ ನೋಡದೆ ಬ್ರೆಡ್ಡಿನ ಕಪಾಟು ನೋಡುತ್ತಿದ್ದ.

"ನನಗೇನೂ ಇಲ್ಲಮ್ಮ. ಗಿರಾಕಿಗಳು ಕೇಳ್ತಾರೆ. ಕೈ ನೋಡ್ತಾರೆ, ಆಮೇಲೆ ಬ್ರೆಡ್ಡು ನೋಡ್ತಾರೆ."

"ಇದು ಅಂಟೋ ರೋಗ ಅಲ್ಲ ಸಾರ್."

"ನನಗ್ಗೊತ್ತು. ಅವರಿಗೆ ನಾನು ಒಬ್ಬೊಬ್ಬರಿಗೂ ಹೇಳ್ತಾ ಕೂರಕ್ಕಾಗುತ್ತಾ? ಹಿಂದುಗಡೆ ತಟ್ಟೆ ತೊಳೆಯೋರು ಬೇಕಾಗಿದಾರೆ. ಸಂಬಳ ಅದೇ."

ಹೀಗೆ, ನೀರು ಮತ್ತು ಸೋಪು ಮುಟ್ಟಬಾರದ ಕೈಯನ್ನು ನೀರು ಮತ್ತು ಸೋಪಿನೊಳಗೇ ಇಟ್ಟದ್ದಾಯಿತು. ಕಬ್ಬಿಣದ ದೊಡ್ಡ ತಟ್ಟೆಗಳು, ಕರಕಲು ಸಕ್ಕರೆ, ಬಿಸಿನೀರು. ವಾರ ಕಳೆಯುವಷ್ಟರಲ್ಲಿ ಬೆರಳ ಸಂದುಗಳು ಬಿರಿದವು. ಮನೆಗೆ ಬಂದು ಆಲೂಗಡ್ಡೆ ಸುಲಿಯುವಾಗ ಉಸಿರು ಬಿಗಿ ಹಿಡಿಯುತ್ತಿದ್ದಳು.

ಮಗಳು ಕನ್ನಡಕದ ಅಂಗಡಿಗೆ ಸೇರಿ ಒಂದು ತಿಂಗಳಾಗಿತ್ತು. ಹತ್ತೊಂಬತ್ತರ ಹುಡುಗಿ, ಚುರುಕು, ಮಾತಿನ ಮಲ್ಲಿ. ಗಿರಾಕಿಯ ಎದುರು ಗೇಣು ದೂರದಲ್ಲಿ ನಿಂತು, ಅವರ ಮೂಗಿಗೆ ಚೌಕಟ್ಟು ಏರಿಸಿ, "ನಿಮ್ಮ ಮುಖಕ್ಕೆ ಇದೇ ಒಪ್ಪುತ್ತೆ" ಅನ್ನುವುದು ಅವಳ ಕೆಲಸ. ನಾಲ್ಕು ಗೋಡೆಗೂ ಕನ್ನಡಿ. ಮೂರು ತಿಂಗಳು ನೋಡಿ ಖಾಯಂ ಮಾಡುತ್ತಾರಂತೆ. ಮೊದಲ ಸಂಬಳದಲ್ಲಿ ಅವಳು ತಾಯಿಗೆ ಗಾಜಿನ ಡಬ್ಬಿಯ ಕ್ರೀಮು ತಂದಳು. ಸುಕ್ಕು ಹೋಗಲಾಡಿಸುವಂಥದ್ದು, ಚಿನ್ನದ ಬಣ್ಣದ ಮುಚ್ಚಳ, ಹೂವಿನ ಘಮ.

"ಇಷ್ಟು ದುಡ್ಡು ಯಾಕೆ ಸುರಿದೆ?"

"ಇನ್ನೊಂದ್ಸಲ ಯಾರಾದ್ರೂ ಅಜ್ಜಿ ಅಂದ್ರೆ ನೋಡು. ಹಚ್ಚಮ್ಮ, ನನ್ನೆದುರಿಗೇ ಹಚ್ಚು."

ಹಚ್ಚಿದಳು. ಉರಿ ಕಿವಿಯವರೆಗೆ ಹತ್ತಿತು. ಮಗಳು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು. "ತಂಪಾಗಿದೆ" ಅಂದಳು ತಾಯಿ. ಮೂರು ದಿನ ಹಾಗೇ ಅಂದಳು. ನಾಲ್ಕನೆಯ ಬೆಳಿಗ್ಗೆ ಕಣ್ಣು ತೆರೆಯಲಾರದಷ್ಟು ಮುಖ ಊದಿತ್ತು. ಮಗಳು ಡಬ್ಬಿಯನ್ನು ಕಸಕ್ಕೆ ಎಸೆಯಲು ಹೋದಳು, ಅತ್ತೆ ತಡೆದು, "ದುಡ್ಡು ಕೊಟ್ಟಿದ್ದು, ಬಿಸಾಕ್ತಾರಾ?" ಅಂತ ತಾನೇ ಹಚ್ಚಿಕೊಂಡಳು. ಅವಳಿಗೆ ಏನೂ ಆಗಲಿಲ್ಲ. ಇನ್ನಷ್ಟು ಹೊಳೆದಳು.

ಗಂಡ ಅಂದು ಬೀಗ ರಿಪೇರಿಯ ಗೂಡಂಗಡಿಯನ್ನು ಮುಚ್ಚಿ ಅವಳನ್ನು ಚರ್ಮದ ಡಾಕ್ಟರ ಬಳಿ ಕರೆದುಕೊಂಡು ಹೋದ. ಡಾಕ್ಟರಮ್ಮ ಕೆನ್ನೆಯನ್ನು ಬೆಳಕಿಗೆ ತಿರುಗಿಸಿ ನೋಡಿದರು. "ಮುಖಕ್ಕೆ ಏನು ಹಚ್ತಾ ಇದ್ದೀರಿ, ಎಷ್ಟು ವರ್ಷದಿಂದ?" ಅಂದರು. ಸೊಸೆ ಸೀಳಿದ ಟ್ಯೂಬನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರಮ್ಮ ಅದನ್ನು ಬೆರಳ ತುದಿಯಿಂದ ಹೊರಳಿಸಿ ನೋಡಿದರು.

"ಇಸುಬು ಚರ್ಮ ಒಣಗಿಸುತ್ತೆ, ತುರಿಸಿದ್ರೆ ದಪ್ಪ ಆಗುತ್ತೆ, ಅದಕ್ಕೇ ಬೇಗ ವಯಸ್ಸಾದ ಹಾಗೆ ಕಾಣುತ್ತೆ. ಅದರ ಮೇಲೆ ಇದು. ಇದು ಸ್ಟೀರಾಯ್ಡು. ಕೆಟ್ಟ ಔಷಧಿ ಅಲ್ಲ, ಆದ್ರೆ ಇಷ್ಟು ಜೋರಿನದ್ದನ್ನ ಮುಖಕ್ಕೆ ಇಷ್ಟು ವರ್ಷ ಹಚ್ಚಬಾರದಿತ್ತು. ಚರ್ಮನೇ ಸವೆದುಹೋಗಿದೆ."

"ವಾಪಸ್ ಬರುತ್ತಾ?"

"ಪೂರ್ತಿ ಬರಲ್ಲಮ್ಮ. ಇರೋದನ್ನ ಉಳಿಸ್ಕೋಬಹುದು. ಘಮ ಇಲ್ಲದ ಸಾದಾ ಮುಲಾಮು ಕೊಡ್ತೀನಿ, ಸ್ನಾನ ಆದ ತಕ್ಷಣ ಮೈ ಒದ್ದೆ ಇರುವಾಗ್ಲೇ ಹಚ್ಚಿ. ಕೈಗೆ ಗ್ಲೌಸು. ಟ್ಯೂಬನ್ನ ಮಾತ್ರ ಒಮ್ಮೆಲೇ ನಿಲ್ಲಿಸಬೇಡಿ. ಕಡಿಮೆ ಜೋರಿನದ್ದು ಬರೆದಿದೀನಿ. ಮೆಲ್ಲಗೆ ಇಳಿಸೋಣ. ನೀವೇ ಬಿಡೋಕೆ ಹೋದ್ರೆ ಬಹಳ ಕೆರಳುತ್ತೆ."

ಬಾಗಿಲವರೆಗೆ ಬಂದವಳು ತಿರುಗಿ ನಿಂತಳು. "ನನ್ನ ಮಗಳಿಗೂ ಕಣ್ಣಿನ ಸುತ್ತ ಶುರುವಾಗಿದೆ, ಡಾಕ್ಟ್ರೇ. ರೆಪ್ಪೆ ಮೇಲೆ ಸಣ್ಣ ಸಣ್ಣ ಪೊರೆ."

"ಕರ್ಕೊಂಡು ಬನ್ನಿ. ಈಗ್ಲೇ ನೋಡ್ಕೊಂಡ್ರೆ ಅವಳಿಗೆ ನಿಮ್ಮ ಹಾಗೆ ಆಗಬೇಕಾಗಿಲ್ಲ. ಈ ಟ್ಯೂಬು ಮಾತ್ರ ಅವಳ ಹತ್ರ ಸುಳೀಬಾರದು."

ತನ್ನ ಹಾಗೆ ಆಗಬೇಕಾಗಿಲ್ಲ. ಆ ಮಾತನ್ನು ಅವಳು ದಾರಿಯುದ್ದಕ್ಕೂ ಬಾಯಲ್ಲಿ ಸಕ್ಕರೆಯ ಹಾಗೆ ಇಟ್ಟುಕೊಂಡು ಬಂದಳು. ತನ್ನದು ಮುಗಿಯಿತು, ಮುಗಿಯಲಿ. ಮಗಳ ಮುಖ ಉಳಿಯುತ್ತದೆ. ಅವಳಿಗೆ ಅಷ್ಟೇ ಬೇಕಾಗಿತ್ತು.

ಆದರೆ ಮೆಲ್ಲಗೆ ಇಳಿಸುವುದು ಅವಳ ಜಾಯಮಾನದಲ್ಲಿಲ್ಲ. ಮಾಡಿದರೆ ಪೂರ್ತಿ, ಬಿಟ್ಟರೆ ಪೂರ್ತಿ. ಅಂದು ಊಟದ ಹೊತ್ತಿಗೆ ಮನೆಮಂದಿಯೆಲ್ಲ ಕೂತಿರುವಾಗ ಕಪಾಟಿನಲ್ಲಿದ್ದ ಹೊಸ ಟ್ಯೂಬನ್ನು ತಂದು, ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು, ಕಸದ ಬುಟ್ಟಿಗೆ ಹಾಕಿದಳು.

"ಇವತ್ತಿಂದ ಇದು ಈ ಮನೆಯಲ್ಲಿಲ್ಲ. ಕೇಳಿಸ್ತೇನೇ?" ಅಂದಳು ಮಗಳಿಗೆ.

"ಡಾಕ್ಟ್ರು ಮೆಲ್ಲಗೆ ಬಿಡು ಅಂದ್ರಲ್ಲ" ಅಂದ ಗಂಡ.

"ಇಪ್ಪತ್ತು ವರ್ಷ ಮೆಲ್ಲಗೆ ಆಯ್ತು. ಸಾಕು."

ಅತ್ತೆ ಮೂಗು ಮುರಿದಳು. "ನಾಟಕ ಕಂಪನಿಗೆ ಸೇರಿದ್ರೆ ಮೇಕಪ್ಪಿಗಾದ್ರೂ ಕೆಲಸ ಇರ್ತಿತ್ತು."

ಮುಂದಿನ ವಾರಗಳನ್ನು ಆ ಮನೆ ಮರೆಯುವುದಿಲ್ಲ. ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಸಿಯಾಯಿತು, ಆಮೇಲೆ ಒಡೆದು ನೀರು ಸೋರಿತು. ದಿಂಬಿನ ಬಟ್ಟೆ ಕೆನ್ನೆಗೆ ಅಂಟಿ, ಬೆಳಿಗ್ಗೆ ನೀರು ಚಿಮುಕಿಸಿ ಬಿಡಿಸಬೇಕಿತ್ತು. ಬಾಯಿ ಅಗಲಿಸಿದರೆ ತುಟಿಯ ಅಂಚು ಸೀಳುತ್ತಿದ್ದುದರಿಂದ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ತಿಂದಳು. ಬೇಕರಿಗೆ ಎರಡು ವಾರ ಹೋಗಲಿಲ್ಲ. ಆ ಸಂಬಳ ಹೋಯಿತು. ಪಾತ್ರೆ ತೊಳೆಯುವ ಕೆಲಸ ಅತ್ತೆಯ ಪಾಲಿಗೆ ಬಂತು, ಅದರ ಜೊತೆಗೆ ಅಡುಗೆಮನೆಯಿಂದ ಪಾತ್ರೆಗಳ ಸದ್ದೂ ಹೆಚ್ಚಾಯಿತು.

"ಈ ವಯಸ್ಸಿಗೆ ನಾನು ಎಂಜಲು ಬಳೀಬೇಕು. ಮಹಾರಾಣಿ ಮುಲಾಮು ಹಚ್ಚಿಕೊಂಡು ಕೂತಿರ್ತಾಳೆ!"

"ಅಮ್ಮಾ, ಸಾಕು ಮಾಡು" ಅಂದ ಗಂಡ.

"ನೀನು ಬಾಯಿ ಮುಚ್ಚು. ಇಡೀ ಊರಿನ ಬೀಗ ತೆಗೀತೀಯ, ಮನೇಲಿರೋ ಹೆಂಡತಿಗೆ ಒಂದು ಮಾತು ಹೇಳೋಕೆ ಆಗಲ್ಲ."

ಅವನೂ ಕೊನೆಗೆ ಸೋತ. ಒಂದು ಸಂಜೆ ಅವಳ ಪಕ್ಕ ಕೂತು, ಸೋರುವ ಕೆನ್ನೆಯನ್ನು ನೋಡಲಾರದೆ ಗೋಡೆ ನೋಡುತ್ತಾ, "ಮುಂಚಿನ ಹಾಗೇ ಅದನ್ನೇ ಹಚ್ಕೊಂಡ್ಬಿಡು ಮಾರಾಯ್ತಿ. ಸುಕ್ಕಾದ್ರೆ ಆಯ್ತು, ನಾನೇನು ಅಂದಿದ್ದೀನಾ?" ಅಂದ.

"ನನಗೋಸ್ಕರ ಅಲ್ಲ" ಅಂದಳು. "ಅವಳು ನೋಡ್ತಿದಾಳೆ. ನಾನೇ ಹಚ್ಕೊಂಡು ಅವಳಿಗೆ ಬೇಡ ಅಂದ್ರೆ ಕೇಳ್ತಾಳಾ?"

ಮಗಳು ನೋಡುತ್ತಿದ್ದುದು ನಿಜ. ತಾಯಿಯ ದಿಂಬಿನ ಬಟ್ಟೆ ಒಗೆದವಳು ಅವಳೇ. ಡಾಕ್ಟರ ಬಳಿ ಬಾ ಅಂದರೆ ಮಾತ್ರ, "ಈಗ ರಜೆ ಕೇಳಿದ್ರೆ ತೆಗೆದೇ ಹಾಕ್ತಾರಮ್ಮ, ಖಾಯಂ ಆಗ್ಲಿ" ಅನ್ನುತ್ತಿದ್ದಳು. ಅದಕ್ಕೆ ತಾಯಿ ತನಗೆ ಕೊಟ್ಟ ಸಾದಾ ಮುಲಾಮನ್ನೇ ಅವಳ ರೆಪ್ಪೆಗೂ ಹಚ್ಚತೊಡಗಿದಳು. ದಿನಾ ಮಲಗುವ ಮುಂಚೆ ಹುಡುಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಉಂಗುರದ ಬೆರಳಿನಿಂದ, ತಿಕ್ಕದೆ, ಒತ್ತದೆ.

ಪೊರೆ ಹೋಯಿತು. ಕೆಂಪು ಹೋಯಿತು. ಒಂದು ತಿಂಗಳಲ್ಲಿ ಹುಡುಗಿಯ ಕಣ್ಣಿನ ಸುತ್ತ ಹೂವಿನೆಸಳಿನ ನುಣುಪು. ತಾಯಿ ಅವಳ ಗಲ್ಲ ಹಿಡಿದು ಕಿಟಕಿಗೆ ತಿರುಗಿಸಿ ನೋಡಿದಳು. ಸ್ವರ್ಗಕ್ಕೆ ಮೂರೇ ಗೇಣು.

"ನೋಡಿದ್ರಾ?" ಅಂದಳು ಅತ್ತೆಗೆ. "ಸಾದಾ ಮುಲಾಮು. ಶಿಸ್ತಾಗಿ ಹಚ್ಚಿದ್ರೆ ಸಾಕು."

ಸೊಸೆ ಅಂದು, ಬಹಳ ದಿನಗಳ ಮೇಲೆ, ತುಟಿ ಸೀಳಿದರೂ ಲೆಕ್ಕಿಸದೆ ನಕ್ಕಳು. ತಾನು ಪಟ್ಟಿದ್ದೆಲ್ಲ ಸಾರ್ಥಕ ಅನಿಸಿತು. ಬೇಕರಿಗೆ ಹೋಗಿ ಗ್ಲೌಸು ಹಾಕಿಕೊಂಡು ತಟ್ಟೆ ತೊಳೆದಳು. ಯಾರಾದರೂ ಕೇಳಿದರೆ ಮಗಳ ಕಣ್ಣಿನ ಬಗ್ಗೆ ಹೇಳಿದಳು, ಕೇಳದಿದ್ದರೂ ಹೇಳಿದಳು.

ಮಗಳ ಕೆಲಸದ ಮೂರನೆಯ ತಿಂಗಳು ನಡೆಯುತ್ತಿದ್ದಾಗ, ಒಂದು ಭಾನುವಾರ ಬಟ್ಟೆ ಒಗೆಯಲು ಹುಡುಗಿಯ ಅಂಗಡಿಯ ಕೋಟು ತೆಗೆದಳು. ಒಳಜೇಬಿನಲ್ಲಿ ಕಾಗದದ ಕರವಸ್ತ್ರ ಸುತ್ತಿದ ಏನೋ ಇತ್ತು. ಬಿಡಿಸಿದಳು. ಕೆಂಪು ಪಟ್ಟಿಯ ಟ್ಯೂಬು. ಕತ್ತರಿಯಿಂದ ಉದ್ದಕ್ಕೆ ನೇರವಾಗಿ ಸೀಳಿತ್ತು. ಒಳಗೆಲ್ಲ ಬೆರಳಿನಿಂದ ಕೆರೆದು ಕೆರೆದು ಹೊಳೆಯುತ್ತಿತ್ತು.

ಮಗಳು ತಲೆ ಒರೆಸಿಕೊಳ್ಳುತ್ತಾ ಬಂದವಳು ತಾಯಿಯ ಕೈ ನೋಡಿ ನಿಂತಳು.

"ಯಾವಾಗಿಂದ?"

"ಅಮ್ಮ, ಕೂಗಾಡಬೇಡ. ಅಜ್ಜಿ ಮಲಗಿದಾರೆ."

"ಯಾವಾಗಿಂದ್ಲೇ?"

"ನೀನು ಬುಟ್ಟಿಗೆ ಹಾಕಿದ ದಿನದಿಂದ. ಅದನ್ನೇ ತಗೊಂಡೆ. ಇದು ಎರಡನೇದು."

"ಎರಡನೇದು ಯಾರು ಕೊಟ್ರು?"

"ಔಷಧಿ ಅಂಗಡಿಯವನು. ಅಮ್ಮನಿಗೆ ಅಂದೆ, ಕೊಟ್ಟ."

ತಾಯಿ ಒಗೆಯುವ ಕಲ್ಲಿನ ಮೇಲೆ ಕೂತಳು. "ಇದನ್ನ ನೀನು ಮುಟ್ಟಬಾರದು ಅಂತ ತಾನೇ ನಾನು ಬಿಟ್ಟಿದ್ದು? ನನ್ನ ಮುಖ ನೋಡಿದೆಯಲ್ಲೇ, ಎರಡು ತಿಂಗಳು ನೋಡಿದೆಯಲ್ಲ!"

"ನೋಡಿದೆನಲ್ಲ ಅಮ್ಮ" ಅಂದಳು ಮಗಳು. "ಬಿಟ್ರೆ ಏನಾಗುತ್ತೆ ಅಂತ ನೋಡಿದೆ. ಹಚ್ಚಿದ್ರೆ ಏನಾಗುತ್ತೆ ಅನ್ನೋದು ಇಪ್ಪತ್ತು ವರ್ಷ ಆದಮೇಲೆ. ಬಿಟ್ರೆ ಏನಾಗುತ್ತೆ ಅನ್ನೋದು ನಾಳೆ ಬೆಳಿಗ್ಗೇನೇ. ನಾಳೆ ಬೆಳಿಗ್ಗೆ ನನಗೆ ಅಂಗಡಿ ಇದೆ."

ತಾಯಿ ಟ್ಯೂಬನ್ನು ಮತ್ತೆ ಆ ಕಾಗದದಲ್ಲಿ ಸುತ್ತಿದಳು. ಶಿಸ್ತಾಗಿ ಹಚ್ಚಿದ ಸಾದಾ ಮುಲಾಮು, ತೊಡೆಯ ಮೇಲಿನ ತಲೆ, ಅಷ್ಟು ಸಂಜೆಗಳು. ಹುಡುಗಿ ಅದನ್ನೆಲ್ಲ ಹಚ್ಚಿಸಿಕೊಂಡು, ಆಮೇಲೆ ಬಚ್ಚಲಿಗೆ ಹೋಗಿ ಬರುತ್ತಿದ್ದಳು. ತಾನು ಮಾತ್ರ ಊರಿಗೆಲ್ಲ ಡಂಗುರ ಸಾರಿಕೊಂಡು ಬಂದಿದ್ದಳು.

ಅಂದು ಅತ್ತು ಕರೆದು, ಗಂಡನನ್ನು ನಡುವೆ ಕೂರಿಸಿಕೊಂಡು, ಮಗಳಿಂದ ಮಾತು ತೆಗೆದುಕೊಂಡಳು. ಹುಡುಗಿ ಬಿಟ್ಟಳು. ತಾಯಿ ಡಾಕ್ಟರಮ್ಮನ ಸರದಿಗೆ ಫೋನು ಮಾಡಿದಳು. ಎರಡು ವಾರದ ಆಚೆಗೆ ಸಿಕ್ಕಿತು. ಎರಡು ವಾರ ಕಾಯುವ ಪುರುಸೊತ್ತು ರೆಪ್ಪೆಗಳಿಗಿರಲಿಲ್ಲ. ಮೂರನೆಯ ದಿನ ಕೆಂಪಾದವು, ಐದನೆಯ ದಿನ ಊದಿದವು, ಕಣ್ಣಿನ ಕೆಳಗೆ ಎರಡು ಮಡಿಕೆ ಬಿದ್ದವು. ತಾಯಿಯ ಕಣ್ಣಿನ ಕೆಳಗೆ ಇದ್ದಂಥವೇ.

ಆ ಸಂಜೆ ಮಗಳು ಹೊತ್ತಿಗೆ ಮುಂಚೆಯೇ ಮನೆಗೆ ಬಂದಳು. ಚಪ್ಪಲಿ ಬಿಡದೆ ಮಂಚದ ಅಂಚಿನಲ್ಲಿ ಕೂತಳು.

"ಮ್ಯಾನೇಜರು ಕಳಿಸಿದ್ರು. ಗಿರಾಕಿ ಒಬ್ಬರು ನಾನು ಮೂಗಿಗೆ ಇಟ್ಟ ಚೌಕಟ್ಟನ್ನ ತೆಗೆದು ಒರೆಸಿಕೊಂಡ್ರು. ಸೋಮವಾರದ ಹೊತ್ತಿಗೆ ಸರಿಹೋದ್ರೆ ಬಾ ಅಂದ್ರು. ಇಲ್ಲಾಂದ್ರೆ ಹಿಂದುಗಡೆ ಗಾಜು ತೊಳೆಯೋ ಕೆಲಸ ಇದೆಯಂತೆ."

"ಕಾಗದ ಬರೆಸಿ ಕೊಡೋಣ, ಡಾಕ್ಟ್ರ ಹತ್ರ" ಅಂದ ಗಂಡ.

"ಅಪ್ಪ, ಅವರಿಗೆ ಬೇಕಾಗಿರೋದು ಮುಖ. ಕಾಗದ ಅಲ್ಲ."

ಅತ್ತೆ ಎದ್ದು ಹೋಗಿ ಚಹಾ ಮಾಡಿ ತಂದು ಮೊಮ್ಮಗಳ ಪಕ್ಕದಲ್ಲಿಟ್ಟಳು. ಚಹಾ ಅಲ್ಲೇ ಆರಿತು. "ಅಮ್ಮ" ಅಂದಳು ಮಗಳು ಕೊನೆಗೆ. "ಕೆಲಸ ಖಾಯಂ ಆದಮೇಲೆ ಬಿಡ್ತೀನಿ. ಆಣೆ."

ಆ ಮಾತು ತಾಯಿಗೆ ಹೊಸದಲ್ಲ. ಮದುವೆ ಮುಗಿದಮೇಲೆ ಬಿಡ್ತೀನಿ ಅಂತ ಅವಳೂ ತನ್ನ ತಾಯಿಗೆ ಆಣೆ ಇಟ್ಟಿದ್ದಳು. ಹಿಂದುಗಡೆಯ ಕೆಲಸ ಎಂಥದ್ದು ಅನ್ನುವುದೂ ಅವಳಿಗೆ ಗೊತ್ತು. ಬಿಸಿನೀರು, ಸೋಪು, ಬಿರಿದ ಬೆರಳು. ಹೋದವರು ಮುಂದಕ್ಕೆ ಬರುವುದಿಲ್ಲ. ಚೀಲ ತೆಗೆದುಕೊಂಡು ಎದ್ದಳು.

ಔಷಧಿ ಅಂಗಡಿಯವನು ಅವಳನ್ನು ನೋಡಿ ನಕ್ಕ. "ಏನಮ್ಮಾ, ಬಹಳ ದಿನ ಆಯ್ತು? ಈಚೆಗೆ ನಿಮ್ಮ ಮಗಳನ್ನ ಕಳಿಸ್ತಿದ್ರಿ." ಮಾತಾಡುತ್ತಲೇ, ತಲೆ ತಿರುಗಿಸದೆ, ಅವನ ಕೈ ಹಿಂದಿನ ಕಪಾಟಿಗೆ ಹೋಗಿತ್ತು. ಅವನನ್ನು ಕೊರಳಪಟ್ಟಿ ಹಿಡಿದು ಕೇಳಬೇಕು ಅಂತ ಅವಳು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಬಾಯಿ ತೆರೆದಳು.

"ಒಂದು ಸಾಕು" ಅಂದಳು.

ಮನೆಗೆ ಬಂದು ಕೈ ತೊಳೆದಳು. ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. "ಕಣ್ಣು ಮುಚ್ಚು" ಅಂದು, ಕಡಲೆಕಾಳಿಗಿಂತ ಚಿಕ್ಕದಾಗಿ ಹಿಂಡಿ, ಉಂಗುರದ ಬೆರಳಿನಿಂದ ಹಚ್ಚಿದಳು.

"ನಿನ್ನ ಬೆರಳು ಚುಚ್ಚುತ್ತೆ ಅಮ್ಮ" ಅಂದಳು ಮಗಳು, ಮುಚ್ಚಿದ ಕಣ್ಣಲ್ಲೇ ಸಣ್ಣಗೆ ನಗುತ್ತಾ.

"ಸುಮ್ನೆ ಮಲ್ಕೋ" ಅಂದಳು ತಾಯಿ. ಅಳು ಬರುತ್ತಿತ್ತು. ಕಣ್ಣೀರಿನ ಉಪ್ಪು ಕೆನ್ನೆಗೆ ಉರಿಯುತ್ತದೆಂದು ತಡೆದುಕೊಂಡಳು.

ಸೋಮವಾರ ಬೆಳಿಗ್ಗೆ ಮಗಳು ತಲೆ ಬಾಚಿ, ಅಂಗಡಿಯ ಕೋಟು ಹಾಕಿಕೊಂಡು ತಿಂಡಿಗೆ ಬಂದಳು. ರೆಪ್ಪೆಗಳು ನುಣುಪಾಗಿದ್ದವು, ಮಡಿಕೆಗಳು ಮಾಯವಾಗಿದ್ದವು. ಅತ್ತೆ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಸೊಸೆಯ ಕಡೆ ತಿರುಗಿ, ಇಪ್ಪತ್ತು ವರ್ಷಗಳಲ್ಲಿ ಎಂದೂ ಆಡದ ಮಾತನ್ನು, ಎಂದೂ ಇಲ್ಲದ ಅಕ್ಕರೆಯಿಂದ ಆಡಿದಳು.

"ನೋಡು, ಎಷ್ಟು ಲಕ್ಷಣವಾಗಿದಾಳೆ. ಥೇಟ್ ನಿನ್ನ ಹಾಗೇನೇ. ಈ ಮನೆಗೆ ಬಂದ ದಿನ ನೀನು ಹೀಗೇ ಇದ್ದೆ."

ಸೊಸೆ ಬ್ರೆಡ್ಡಿಗೆ ಬೆಣ್ಣೆ ಸವರಿ ಮಗಳ ಡಬ್ಬಿಗೆ ತುಂಬಿಸಿದಳು, ಮುಚ್ಚಳ ಒತ್ತಿ ಅವಳ ಕೈಗೆ ಕೊಟ್ಟಳು.